ಗಡೀಪಾರಿನ ಹೆದರಿಕೆಗೆ ಕಾನೂನು ಕೊಟ್ಟ ಉತ್ತರ

2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯನ್ನು ಧ್ವಂಸ ಮಾಡಿತು. ಸಮುದ್ರದಲ್ಲಿ ಹಾನಿಗೊಂಡ ತೈಲ ರಿಗ್ಗುಗಳ ದುರಸ್ತಿಗೆ ನುರಿತ ಕೈಗಳು ಬೇಕಾದವು. ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಏಜೆಂಟರ ಮೂಲಕ ಭಾರತದಿಂದ ಸುಮಾರು 500 ವೆಲ್ಡರ್ ಮತ್ತು ಪೈಪ್‌ಫಿಟ್ಟರ್‌ಗಳನ್ನು ಮಿಸಿಸಿಪ್ಪಿಯ ಪ್ಯಾಸ್ಕಗೂಲಾ ಹಾಗೂ ಟೆಕ್ಸಸ್‌ನ ಆರೆಂಜ್ ಪಟ್ಟಣಗಳಲ್ಲಿದ್ದ ತನ್ನ ಯಾರ್ಡುಗಳಿಗೆ ಕರೆಸಿಕೊಂಡಿತು. ಗ್ರೀನ್ ಕಾರ್ಡ್ ಕೊಡಿಸುತ್ತೇವೆ, ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು ಎಂದು ನಂಬಿಸಿ ಒಬ್ಬೊಬ್ಬರಿಂದ 10,000ದಿಂದ 20,000 ಡಾಲರ್‌ವರೆಗೆ ಹಣ ಕೀಳಲಾಗಿತ್ತು. ಜಮೀನು ಮಾರಿ, ಒಡವೆ ಅಡವಿಟ್ಟು, ಬಡ್ಡಿ ಸಾಲ ಮಾಡಿ ಹೋದವರಿಗೆ ಸಿಕ್ಕಿದ್ದು ಎಚ್-2ಬಿ ವೀಸಾ. ಅದು ಕೆಲವೇ ತಿಂಗಳ ತಾತ್ಕಾಲಿಕ ವೀಸಾ. ಕರೆಸಿಕೊಂಡ ಮಾಲೀಕನನ್ನು ಬಿಟ್ಟು ಬೇರೆಲ್ಲೂ ದುಡಿಯುವಂತಿಲ್ಲ. ವಾಸಕ್ಕೆ ಕಾವಲಿದ್ದ ಶಿಬಿರ, ಒಂದೊಂದು ಟ್ರೇಲರ್‌ನಲ್ಲಿ 24 ಜನರವರೆಗೆ. ಆ ಹಾಸಿಗೆಗೂ ಊಟಕ್ಕೂ ಪ್ರತಿಯೊಬ್ಬರ ಸಂಬಳದಿಂದ ತಿಂಗಳಿಗೆ ಸುಮಾರು 1,050 ಡಾಲರ್ ಕಡಿತ. 2007ರ ಮಾರ್ಚ್‌ನಲ್ಲಿ, ಇದನ್ನು ಪ್ರಶ್ನಿಸಿ ಜನರನ್ನು ಒಟ್ಟುಗೂಡಿಸುತ್ತಿದ್ದ ಕೆಲವರನ್ನು ನಸುಕಿನಲ್ಲೇ ಹಿಡಿದು ಭಾರತಕ್ಕೆ ವಾಪಸ್ ಕಳಿಸುವ ಯತ್ನ ನಡೆಯಿತು. ಅವರಲ್ಲೊಬ್ಬ ಆತ್ಮಹತ್ಯೆಗೆ ಯತ್ನಿಸಿದ. ಸಾಲ ತೀರಿಸದೆ ಬರಿಗೈಯಲ್ಲಿ ಊರಿಗೆ ಮರಳುವುದು ಅವನಿಗೆ ಸಾವಿಗಿಂತ ಕಷ್ಟವಾಗಿ ಕಂಡಿರಬೇಕು.

ಇಂಥ ಪ್ರಕರಣ ಓದಿದವರು ಸಾಮಾನ್ಯವಾಗಿ ಕೇಳುವುದು, ‘ಅಷ್ಟು ಕಷ್ಟವಿದ್ದರೆ ಅವರು ಹೊರಟುಬಿಡಬಹುದಿತ್ತಲ್ಲ?’ ಎಂದು. ಆದರೆ ಹೊರಟರೆ ಹೋಗುವುದು ಎಲ್ಲಿಗೆ? ಆ ಮಾಲೀಕನ ಕೆಲಸ ಬಿಟ್ಟ ಕ್ಷಣವೇ ಅವರು ಆ ದೇಶದಲ್ಲಿ ಅಕ್ರಮ ವಾಸಿಗಳಾಗುತ್ತಿದ್ದರು. ಪೊಲೀಸರ ಬಳಿ ಹೋದರೆ ಮೊದಲು ಕೇಳುವುದು ತಮ್ಮ ಕಾಗದ ಪತ್ರವನ್ನೇ ಎಂಬ ಭಯ ಅವರಿಗಿತ್ತು. ವಿದೇಶದಲ್ಲಿ ಮನುಷ್ಯರನ್ನು ಜೀತಕ್ಕಿಟ್ಟುಕೊಳ್ಳುವವನಿಗೆ ಬೇಲಿ, ಲಾಠಿಗಳ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ‘ಬಾಯಿ ಬಿಟ್ಟರೆ ಇಮಿಗ್ರೇಷನ್‌ನವರಿಗೆ ಫೋನ್ ಮಾಡುತ್ತೇನೆ’ ಎಂಬ ಒಂದು ಮಾತು ಸಾಕು. ಆ ದೇಶದ ವಲಸೆ ಕಾನೂನೇ ಅವನ ಪರವಾಗಿ ಪಹರೆ ನಿಲ್ಲುತ್ತದೆ. ಆ ಪಹರೆಯನ್ನು ತೆಗೆದುಹಾಕದೆ ಎಷ್ಟು ಕಠಿಣ ಶಿಕ್ಷೆಯ ಕಾನೂನು ಮಾಡಿದರೂ ಸಂತ್ರಸ್ತರು ದೂರು ಕೊಡಲು ಬರುವುದಿಲ್ಲ. ಮಾನವ ಕಳ್ಳಸಾಗಣೆಗೆ ಸಿಕ್ಕಿದ ವಿದೇಶಿಯರಿಗೆ ಅಮೆರಿಕ ಕೊಡುವ ತಾತ್ಕಾಲಿಕ ವಾಸದ ಪರವಾನಗಿ, ಅಂದರೆ ಟಿ ವೀಸಾ, ಮಾಡುವ ಮುಖ್ಯ ಕೆಲಸ ಆ ಪಹರೆಯನ್ನು ತೆಗೆಯುವುದೇ. ಇದನ್ನು ಕರುಣೆಯ ದಾನವೆಂದೋ ಸಾಕ್ಷಿ ಹೇಳಿದ್ದಕ್ಕೆ ಸಿಗುವ ಬಹುಮಾನವೆಂದೋ ನೋಡುವವರು ಅದರ ತಿರುಳನ್ನೇ ಬಿಟ್ಟುಬಿಡುತ್ತಾರೆ. ಅಪರಾಧಿಯ ಕೈಯಲ್ಲಿರುವ ಅತಿ ಅಗ್ಗದ, ಅತಿ ಪರಿಣಾಮಕಾರಿ ಆಯುಧವನ್ನು ಕಿತ್ತುಕೊಳ್ಳುವ ಕ್ರಮ ಅದು. ಕೆಲಸಕ್ಕೆಂದು, ಅಡುಗೆಗೆಂದು, ಮಗು ನೋಡಿಕೊಳ್ಳಲೆಂದು ಅಮೆರಿಕಕ್ಕೆ ಹೋಗುವ ಕನ್ನಡಿಗರೂ ಅವರ ಮನೆಯವರೂ ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು.

ಈ ವೀಸಾ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ 1995ರ ಎಲ್ ಮಾಂಟೆ ಪ್ರಕರಣ ಸಾಕ್ಷಿ. ಲಾಸ್ ಏಂಜಲೀಸ್ ಸಮೀಪದ ಆ ಊರಿನ ಒಂದು ವಸತಿ ಸಂಕೀರ್ಣದಲ್ಲಿ ಮುಳ್ಳುತಂತಿಯ ಹಿಂದೆ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದ 72 ಥಾಯ್ ಕಾರ್ಮಿಕರನ್ನು ಆ ವರ್ಷದ ಆಗಸ್ಟ್‌ನಲ್ಲಿ ಅಧಿಕಾರಿಗಳು ಬಿಡಿಸಿದರು. ಬಿಡಿಸಿದವರನ್ನು ಒಯ್ದದ್ದು ವಲಸೆ ಇಲಾಖೆಯ ಬಂಧನ ಕೇಂದ್ರಕ್ಕೆ! ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಬಂದಂತೆ ಅವರು ಅಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಕೈದಿಗಳ ಉಡುಪಿನಲ್ಲಿ ಕಳೆದರು. ಅವರಿಗಾಗಿ ಹೋರಾಡಿದವರ ಒತ್ತಡದಿಂದ ಬಿಡುಗಡೆಯಾಯಿತು. ಕೊನೆಗೆ ಮಾಹಿತಿದಾರರಿಗೆಂದು ಇದ್ದ ಬೇರೊಂದು ವೀಸಾದಡಿ ಉಳಿಯಲು ಅವಕಾಶ ಸಿಕ್ಕಿತು. ಕಾನೂನಿನಲ್ಲಿ ಇನ್ನೊಂದು ಕೊರತೆಯೂ ಇತ್ತು. ಮಿಷಿಗನ್ ರಾಜ್ಯದ ಡೈರಿ ಫಾರಂ ಒಂದರಲ್ಲಿ ಇಬ್ಬರು ಬುದ್ಧಿಮಾಂದ್ಯ ಗಂಡಸರನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಸಿಕೊಂಡ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ, ದೈಹಿಕ ಬಲ ಅಥವಾ ಕಾನೂನಿನ ಬೆದರಿಕೆ ಇದ್ದರಷ್ಟೇ ಅದು ಬಲವಂತದ ದುಡಿಮೆ, ಮಾನಸಿಕ ಒತ್ತಡವೊಂದೇ ಸಾಲದು ಎಂದಿತ್ತು. 2000ದ ಅಕ್ಟೋಬರ್ 28ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಳ್ಳಸಾಗಣೆ ಸಂತ್ರಸ್ತರ ರಕ್ಷಣಾ ಕಾಯ್ದೆ ಎರಡು ಕೊರತೆಗಳನ್ನೂ ಒಟ್ಟಿಗೆ ತುಂಬಿತು. ಹೆದರಿಸಿ, ಸಾಲದಲ್ಲಿ ಸಿಲುಕಿಸಿ, ಗಡೀಪಾರಿನ ಗುಮ್ಮ ತೋರಿಸಿ ದುಡಿಸಿಕೊಳ್ಳುವುದೂ ಅಪರಾಧವಾಯಿತು. ಹಾಗೆ ಸಿಕ್ಕಿಬಿದ್ದವರಿಗೆ ಟಿ ವೀಸಾ ಬಂತು. ಅದೇ ವರ್ಷ ವಿಶ್ವಸಂಸ್ಥೆ ಅಂಗೀಕರಿಸಿದ ಪಲೆರ್ಮೊ ಒಡಂಬಡಿಕೆಯೂ ಸಂತ್ರಸ್ತರು ತಾತ್ಕಾಲಿಕವಾಗಿ ಅಥವಾ ಶಾಶ್ವತವಾಗಿ ಉಳಿಯಲು ಅವಕಾಶ ಕೊಡುವ ಕ್ರಮಗಳನ್ನು ಪರಿಗಣಿಸಿ ಎಂದು ದೇಶಗಳಿಗೆ ಹೇಳಿತು.

ಯಾರಿಗೆ ಈ ವೀಸಾ? ಮೊದಲ ಷರತ್ತು, ಅರ್ಜಿದಾರರು ಕಳ್ಳಸಾಗಣೆಯ ತೀವ್ರ ರೂಪಕ್ಕೆ ಬಲಿಯಾಗಿರಬೇಕು. ಇದರಲ್ಲಿ ಎರಡು ಬಗೆ: ಬಲ, ವಂಚನೆ ಅಥವಾ ಒತ್ತಾಯದಿಂದ ವೇಶ್ಯಾವಾಟಿಕೆಗೆ ನೂಕುವುದು (18 ವರ್ಷದೊಳಗಿನವರಾದರೆ ಬಲಪ್ರಯೋಗ ತೋರಿಸುವ ಅಗತ್ಯವೂ ಇಲ್ಲ), ಮತ್ತು ಅವೇ ಮೂರು ದಾರಿಗಳಿಂದ ಜೀತ, ಸಾಲದ ಗುಲಾಮಗಿರಿ, ಬಲವಂತದ ದುಡಿಮೆಗೆ ಒಳಪಡಿಸಲೆಂದು ಕರೆತರುವುದು, ಇಟ್ಟುಕೊಳ್ಳುವುದು. ಎರಡನೆಯ ಬಗೆಯನ್ನು ನಮ್ಮ ಜನ ಗುರುತಿಸುವುದೇ ಕಡಿಮೆ. ಕಳ್ಳಸಾಗಣೆ ಎಂದೊಡನೆ ಹೆಣ್ಣುಮಕ್ಕಳ ಮಾರಾಟವಷ್ಟೇ ನೆನಪಾಗುತ್ತದೆ. ಹೋಟೆಲಿನ ಅಡುಗೆಯವನೋ ವೆಲ್ಡರನೋ ಅದಕ್ಕೆ ಬಲಿಯಾಗಬಹುದೆಂದು ಹೊಳೆಯುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ದುಡ್ಡು ಕೊಟ್ಟು ಕದ್ದು ಗಡಿ ದಾಟುವುದು ಬೇರೆ, ಕಳ್ಳಸಾಗಣೆಗೆ ಬಲಿಯಾಗುವುದು ಬೇರೆ. ಮೊದಲನೆಯದರಲ್ಲಿ ಗಡಿ ದಾಟಿಸಿದವನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಎರಡನೆಯದರಲ್ಲಿ ಶೋಷಣೆ ಶುರುವಾಗುವುದೇ ಆಮೇಲೆ. ಸಕ್ರಮ ವೀಸಾದಲ್ಲಿ, ವಿಮಾನದಲ್ಲಿ, ನಗುನಗುತ್ತಾ ಹೋದವರೂ ಸಂತ್ರಸ್ತರಾಗಬಹುದು. ಕದ್ದು ಗಡಿ ದಾಟಿದವರೂ ಆಮೇಲೆ ಜೀತಕ್ಕೆ ಬಿದ್ದರೆ ಸಂತ್ರಸ್ತರೇ. ದುಡಿಮೆ ಇನ್ನೂ ಶುರುವಾಗಿರದಿದ್ದರೂ, ಜೀತಕ್ಕಿಟ್ಟುಕೊಳ್ಳುವ ಉದ್ದೇಶದಿಂದಲೇ ಕರೆತಂದರೆಂದು ತೋರಿಸಿದರೆ ಸಾಕು. ಬರೀ ಕಡಿಮೆ ಸಂಬಳ ಅಥವಾ ಮಾಲೀಕನ ಕೆಟ್ಟ ಬಾಯಿ ಮಾತ್ರ ಈ ಅಳತೆಗೆ ಬರುವುದಿಲ್ಲ. ಬಿಟ್ಟು ಹೋದರೆ ತನಗೋ ತನ್ನವರಿಗೋ ಗಂಭೀರ ಹಾನಿಯಾದೀತು ಎಂಬ ಭಯ ಹುಟ್ಟಿಸಿ ದುಡಿಸಿಕೊಂಡರೇ ಎಂಬುದು ಪ್ರಶ್ನೆ. ಆ ಹಾನಿ ಹಣದ್ದೂ ಆಗಿರಬಹುದು, ಮಾನದ್ದೂ ಆಗಿರಬಹುದು.

ಎರಡನೆಯ ಷರತ್ತನ್ನು ಊರಿನಲ್ಲಿರುವ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಕಳ್ಳಸಾಗಣೆಯ ಕಾರಣದಿಂದಾಗಿ ಅರ್ಜಿದಾರರು ಅಮೆರಿಕದ ನೆಲದಲ್ಲೇ ಇರಬೇಕು, ಅಥವಾ ಅದರ ಪ್ರವೇಶ ದ್ವಾರದಲ್ಲಿರಬೇಕು. ಮಗ ಅಥವಾ ಮಗಳು ಫೋನಿನಲ್ಲಿ ಅಳುತ್ತಾ ಕಷ್ಟ ಹೇಳಿಕೊಂಡಾಗ ತಂದೆ ತಾಯಿಯ ಬಾಯಿಂದ ಬರುವ ಮೊದಲ ಮಾತು ‘ಎಲ್ಲಾ ಬಿಟ್ಟು ಬಂದುಬಿಡು’ ಎಂದು. ಜೀವಕ್ಕೆ ಅಪಾಯವಿದ್ದರೆ ಅದೇ ಸರಿ. ಆದರೆ ಒಮ್ಮೆ ದೇಶ ಬಿಟ್ಟು ಬಂದರೆ ಟಿ ವೀಸಾದ ಬಾಗಿಲು ಬಹುತೇಕ ಮುಚ್ಚಿದಂತೆ. ತನಿಖೆಗೋ ವಿಚಾರಣೆಗೋ ಮತ್ತೆ ಕರೆಸಿಕೊಂಡರೆ ಮುಂತಾದ ಕೆಲವು ವಿನಾಯಿತಿಗಳಷ್ಟೇ ಉಳಿಯುತ್ತವೆ. ಆದ್ದರಿಂದ ಟಿಕೆಟ್ ತೆಗೆಸುವ ಮುನ್ನ ಅಲ್ಲೇ ಒಬ್ಬ ವಕೀಲರನ್ನು ಕಾಣುವಂತೆ ಹೇಳಿ. ವಾಪಸ್ ಕಳಿಸಿದರೆ ಅಸಾಮಾನ್ಯವೂ ತೀವ್ರವೂ ಆದ ಸಂಕಷ್ಟ ಎದುರಾಗುತ್ತದೆಂದು ತೋರಿಸುವುದು ಇನ್ನೊಂದು ಷರತ್ತು. ಊರಿನಲ್ಲಿ ಕೆಲಸ ಸಿಗುವುದಿಲ್ಲ, ಆದಾಯವಿಲ್ಲ ಎಂಬ ಆರ್ಥಿಕ ಕಾರಣವೊಂದೇ ಸಾಲದು. ಏಜೆಂಟನ ಕಡೆಯವರು ಸೇಡು ತೀರಿಸಿಕೊಳ್ಳುವ ಸಾಧ್ಯತೆ, ಊರಿನಲ್ಲಿ ಸಿಗದ ಚಿಕಿತ್ಸೆ ಅಥವಾ ಮಾನಸಿಕ ಆರೈಕೆ, ಮತ್ತೆ ಅದೇ ಜಾಲಕ್ಕೆ ಬೀಳುವ ಅಪಾಯ, ಬಹಿಷ್ಕಾರ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಹೆಚ್ಚು ಚರ್ಚೆಗೆ ಒಳಗಾಗಿರುವುದು ಉಳಿದೊಂದು ಷರತ್ತು: ತನಿಖಾಧಿಕಾರಿಗಳು ಸಮಂಜಸವಾಗಿ ಕೇಳುವ ಸಹಕಾರ ಕೊಟ್ಟಿರಬೇಕು. ಕನಿಷ್ಠ ಒಮ್ಮೆಯಾದರೂ ಒಂದು ತನಿಖಾ ಸಂಸ್ಥೆಗೆ ವಿಷಯ ತಿಳಿಸಿರಬೇಕು ಎಂಬುದು ಇದರ ವ್ಯವಹಾರದ ಅರ್ಥ. ಅದು ಎಫ್‌ಬಿಐ ಅಥವಾ ಸ್ಥಳೀಯ ಪೊಲೀಸ್ ಆಗಬಹುದು, ಕಾರ್ಮಿಕ ಇಲಾಖೆಯೂ ಆಗಬಹುದು; ಸಾಮಾನ್ಯವಾಗಿ ವಕೀಲರೇ ಇದನ್ನು ಬರವಣಿಗೆಯಲ್ಲಿ ಮಾಡುತ್ತಾರೆ. ಕೃತ್ಯ ನಡೆದಾಗ 18 ವರ್ಷ ತುಂಬಿರದವರಿಗೂ, ದೈಹಿಕ ಅಥವಾ ಮಾನಸಿಕ ಆಘಾತದಿಂದ ಸಹಕರಿಸಲಾಗದವರಿಗೂ ಈ ಷರತ್ತು ಅನ್ವಯಿಸುವುದಿಲ್ಲ. ಅಪರಾಧಿ ಸಿಕ್ಕಿಬೀಳಬೇಕೆಂದಿಲ್ಲ, ಶಿಕ್ಷೆಯಾಗಬೇಕೆಂದಿಲ್ಲ, ಪೊಲೀಸರು ಪ್ರಕರಣ ದಾಖಲಿಸದೇ ಹೋದರೂ ಅರ್ಜಿ ನಿಲ್ಲುವುದಿಲ್ಲ. ಅಧಿಕಾರಿಯ ಸಹಿಯಿರುವ ಘೋಷಣಾ ಪತ್ರ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಇಷ್ಟು ಸಡಿಲವಿದ್ದರೂ ಪೊಲೀಸರ ಜತೆಗಿನ ಈ ಗಂಟು ಇಡೀ ವ್ಯವಸ್ಥೆಯ ದುರ್ಬಲ ಭಾಗವೆಂದೇ ನನ್ನ ಎಣಿಕೆ. ವರ್ಷಕ್ಕೆ 5,000 ಟಿ ವೀಸಾ ಕೊಡಬಹುದೆಂದು ಕಾನೂನು ಹೇಳುತ್ತದೆ. ಮೊದಲ ಎರಡು ದಶಕಗಳಲ್ಲಿ ಒಂದು ವರ್ಷವೂ ಆ ಮಿತಿ ತುಂಬಲಿಲ್ಲ, ಎಷ್ಟೋ ವರ್ಷ ಸಾವಿರವನ್ನೂ ಮುಟ್ಟಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ಸಂತ್ರಸ್ತರೇ ಇರಲಿಲ್ಲ ಎಂದು ಯಾರೂ ವಾದಿಸಲಾರರು. ಗಡೀಪಾರಿನ ಭಯದಲ್ಲಿ ಬಾಯಿ ಮುಚ್ಚಿಕೊಂಡವರಿಗೆ ‘ಮೊದಲು ಸರ್ಕಾರದ ಬಾಗಿಲು ತಟ್ಟು, ಆಮೇಲೆ ರಕ್ಷಣೆ’ ಎಂದರೆ ಅವರು ಬರುವುದಾದರೂ ಹೇಗೆ? ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಇಟಲಿಯ 1998ರ ವಲಸೆ ಕಾನೂನಿನ 18ನೇ ವಿಧಿ ಪೊಲೀಸ್ ದೂರಿಲ್ಲದೆಯೂ ಸಾಮಾಜಿಕ ನೆರವಿನ ದಾರಿಯಿಂದ ಆರು ತಿಂಗಳ ಪರವಾನಗಿ ಪಡೆದು ನವೀಕರಿಸಿಕೊಳ್ಳಲು ಬಿಡುತ್ತದೆ. ಕೆನಡಾ ಆರಂಭದಲ್ಲಿ 180 ದಿನಗಳವರೆಗಿನ ತಾತ್ಕಾಲಿಕ ಪರವಾನಗಿ ಕೊಡುತ್ತದೆ. ಅದಕ್ಕೆ ಶುಲ್ಕವಿಲ್ಲ, ಸಾಕ್ಷಿ ಹೇಳಲೇಬೇಕೆಂಬ ಒತ್ತಾಯವಿಲ್ಲ. ಯುರೋಪ್ ಕೌನ್ಸಿಲ್‌ನ 2005ರ ಒಪ್ಪಂದ ಸಂತ್ರಸ್ತರಿಗೆ ಚೇತರಿಸಿಕೊಂಡು ಯೋಚಿಸಲು ಕನಿಷ್ಠ 30 ದಿನ ಕೊಡಬೇಕೆನ್ನುತ್ತದೆ. ಮೊದಲು ಉಸಿರಾಡಲು ಬಿಟ್ಟು ಆಮೇಲೆ ಪ್ರಶ್ನೆ ಕೇಳುವ ಈ ಕ್ರಮವೇ ಹೆಚ್ಚು ನ್ಯಾಯದ್ದು.

ಇನ್ನು ಅರ್ಜಿಯ ವಿಚಾರ. ನಮೂನೆಯ ಹೆಸರು ಐ-914, ಅದಕ್ಕೆ ಶುಲ್ಕವಿಲ್ಲ. ಯಾರಾದರೂ ‘ಸರ್ಕಾರಿ ಫೀಸು’ ಎಂದು ಹಣ ಕೇಳಿದರೆ ಅಲ್ಲೇ ಎಚ್ಚೆತ್ತುಕೊಳ್ಳಬೇಕು. ಅರ್ಜಿಯ ಪ್ರಾಣವಿರುವುದು ಸಂತ್ರಸ್ತರ ಸ್ವಂತ ಹೇಳಿಕೆಯಲ್ಲಿ. ಯಾರು ಕರೆದರು, ಏನು ಹೇಳಿ ಕರೆದರು, ಎಷ್ಟು ಹಣ ಯಾರ ಕೈಗೆ ಕೊಟ್ಟಿರಿ, ಪಾಸ್‌ಪೋರ್ಟ್ ಯಾರ ಬಳಿ ಇತ್ತು, ದಿನಕ್ಕೆ ಎಷ್ಟು ಗಂಟೆ ದುಡಿದಿರಿ, ಹೊರಡುತ್ತೇನೆಂದಾಗ ಏನೆಂದು ಬೆದರಿಸಿದರು, ಹೇಗೆ ಹೊರಬಂದಿರಿ ಎಂಬುದೆಲ್ಲ ಅದರಲ್ಲಿ ಬರಬೇಕು. ಕನ್ನಡದಲ್ಲೇ ಹೇಳಿ ಅನುವಾದ ಮಾಡಿಸಬಹುದು. ಬಾರದ ಇಂಗ್ಲಿಷಿನಲ್ಲಿ ಅವಸರದಿಂದ ಬರೆದ ಹೇಳಿಕೆಗಿಂತ ಅದೇ ಮೇಲು. ಪುರಾವೆಯ ವಿಷಯದಲ್ಲಿ ಕಾನೂನು ಉದಾರವಾಗಿದೆ: ನಂಬಲರ್ಹವಾದ ಯಾವುದೇ ಸಾಕ್ಷ್ಯವನ್ನು ಅಧಿಕಾರಿಗಳು ಪರಿಶೀಲಿಸಬೇಕು. ಆದ್ದರಿಂದ ಕಸವೆಂದು ಎಸೆಯುವ ಚೀಟಿಗೂ ಬೆಲೆಯಿದೆ. ಒಂದು ಸಂಬಳದ ಚೀಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ದುಡಿದ ಗಂಟೆ, ದರ, ವಸತಿಗೆಂದು ಮುರಿದುಕೊಂಡ ಮೊತ್ತ, ಕೊನೆಗೆ ಕೈಗೆ ಬಂದದ್ದು ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ; ಒಪ್ಪಂದ ಪತ್ರದ ಪಕ್ಕದಲ್ಲಿಟ್ಟರೆ ವಂಚನೆ ತಾನಾಗಿ ಎದ್ದು ಕಾಣುತ್ತದೆ. ಏಜೆಂಟನ ವಾಟ್ಸ್ಆ್ಯಪ್ ಸಂದೇಶ, ಊರಿನ ಬ್ಯಾಂಕಿನ ಹಣ ವರ್ಗಾವಣೆ ರಸೀದಿ, ಅಡವಿನ ಪತ್ರ, ಮಾಲೀಕ ಕಳಿಸಿದ ಧ್ವನಿಮುದ್ರಿಕೆ ಇವನ್ನು ಊರಿನಲ್ಲಿರುವ ನಂಬಿಗಸ್ತರಿಗೂ ಒಂದು ಪ್ರತಿ ಕಳಿಸಿಡಬೇಕು. ಜೀತಕ್ಕಿಟ್ಟುಕೊಳ್ಳಲೆಂದು ಇನ್ನೊಬ್ಬರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದೇ ಅಮೆರಿಕದಲ್ಲಿ ಪ್ರತ್ಯೇಕ ಅಪರಾಧ. ಹೀಗಾಗಿ ಪಾಸ್‌ಪೋರ್ಟ್ ಕೈಯಲ್ಲಿಲ್ಲ ಎಂಬುದು ಅರ್ಜಿಗೆ ಅಡ್ಡಿಯಲ್ಲ. ಅದೇ ಒಂದು ಸಾಕ್ಷ್ಯ.

ಅರ್ಜಿ ಒಪ್ಪಿಗೆಯಾದರೆ ನಾಲ್ಕು ವರ್ಷದವರೆಗೆ ವಾಸದ ಹಕ್ಕು ಮತ್ತು ಯಾವ ಮಾಲೀಕನ ಬಳಿಯಾದರೂ ದುಡಿಯುವ ಅನುಮತಿ ಸಿಗುತ್ತದೆ. ತೀರ್ಪಿಗೆ ಬಹಳ ಕಾಲ ಹಿಡಿಯುವುದರಿಂದ, 2024ರ ಆಗಸ್ಟ್ 28ರಿಂದ ಜಾರಿಗೆ ಬಂದ ನಿಯಮವೊಂದು ನಡುವಿನ ಏರ್ಪಾಟು ಮಾಡಿತು: ಮೇಲ್ನೋಟಕ್ಕೆ ಅರ್ಜಿ ಪ್ರಾಮಾಣಿಕವೆಂದು ಕಂಡು, ಹಿನ್ನೆಲೆ ಪರಿಶೀಲನೆ ಮುಗಿದರೆ, ಕಾಯುವ ಅವಧಿಯಲ್ಲೂ ಗಡೀಪಾರಿನಿಂದ ತಡೆ ಮತ್ತು ಕೆಲಸದ ಪರವಾನಗಿ ಕೊಡಬಹುದು. ಗಂಡ ಅಥವಾ ಹೆಂಡತಿ ಮತ್ತು ಮಕ್ಕಳನ್ನು ಕರೆಸಿಕೊಳ್ಳಬಹುದು. 21 ವರ್ಷದೊಳಗಿನ ಅರ್ಜಿದಾರರು ತಂದೆ ತಾಯಿ ಮತ್ತು 18ರೊಳಗಿನ ಅವಿವಾಹಿತ ಒಡಹುಟ್ಟಿದವರನ್ನೂ ಕರೆಸಿಕೊಳ್ಳಬಹುದು. ಅವರಿಗೆ ಸೇಡಿನ ಅಪಾಯವಿದ್ದರೆ ಅರ್ಜಿದಾರರ ವಯಸ್ಸು ಎಷ್ಟಿದ್ದರೂ ಆ ಅವಕಾಶವಿದೆ. ಮೂರು ವರ್ಷ ನಿರಂತರ ವಾಸದ ನಂತರ, ಕೆಲವೊಮ್ಮೆ ತನಿಖೆ ಮುಗಿದಿದ್ದರೆ ಅದಕ್ಕೂ ಮುಂಚೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಆ ಅವಧಿಯಲ್ಲಿ ಒಂದೇ ಸಲಕ್ಕೆ 90 ದಿನ ಅಥವಾ ಒಟ್ಟಾರೆ 180 ದಿನ ಮೀರಿ ದೇಶದ ಹೊರಗಿದ್ದರೆ ಎಣಿಕೆ ಮುರಿಯುತ್ತದೆ. ಪೂರ್ವಾನುಮತಿಯಿಲ್ಲದೆ ಊರಿನ ಮದುವೆಗೆಂದು ಹೊರಟರೆ ಎಲ್ಲವನ್ನೂ ಕಳೆದುಕೊಳ್ಳಬೇಕಾದೀತು. ಸಂತ್ರಸ್ತರಿಗೆ ನಿರಾಶ್ರಿತರಷ್ಟೇ ಸರ್ಕಾರಿ ನೆರವು ಸಿಗಬೇಕೆಂದು 2000ದ ಕಾಯ್ದೆ ಹೇಳಿತ್ತು. ಆಹಾರ ನೆರವು ಸೇರಿದಂತೆ ಅದರಲ್ಲಿ ಕೆಲವನ್ನು 2025ರ ಕಾನೂನು ಕಿತ್ತುಕೊಂಡಿತು. ಬಿಡುಗಡೆಯಾದ ಮೊದಲ ತಿಂಗಳುಗಳಲ್ಲಿ ಹಸಿವೇ ಮನುಷ್ಯರನ್ನು ಹಳೆಯ ಮಾಲೀಕನ ಬಾಗಿಲಿಗೆ ಮರಳಿ ನೂಕುತ್ತದೆ ಎಂಬುದನ್ನು ಬಲ್ಲವರು ಇದನ್ನು ಒಪ್ಪಲಾರರು. ಗೌಪ್ಯತೆಯ ರಕ್ಷಣೆ ಮಾತ್ರ ಗಟ್ಟಿಯಾಗಿದೆ: ಅರ್ಜಿಯ ವಿವರವನ್ನು ಹೊರಗೆ ಬಿಟ್ಟುಕೊಡುವಂತಿಲ್ಲ, ಕಳ್ಳಸಾಗಣೆ ಮಾಡಿದವನು ಕೊಟ್ಟ ಮಾಹಿತಿಯೊಂದನ್ನೇ ನಂಬಿ ಸಂತ್ರಸ್ತರ ವಿರುದ್ಧ ತೀರ್ಮಾನಿಸುವಂತಿಲ್ಲ.

ಈ ವೀಸಾಕ್ಕೆ ಎದುರಾಗುವ ಮೊದಲ ಆಕ್ಷೇಪ, ಗ್ರೀನ್ ಕಾರ್ಡಿನ ಆಸೆಗೆ ಜನ ಕಥೆ ಕಟ್ಟುತ್ತಾರೆ ಎಂಬುದು. ಇತ್ತೀಚಿನ ವರ್ಷಗಳಲ್ಲಿ ಅರ್ಜಿಗಳ ಸಂಖ್ಯೆ ತೀವ್ರವಾಗಿ ಏರಿರುವುದೂ ನಿಜ. ಸುಳ್ಳು ಅರ್ಜಿಗಳೇ ಇಲ್ಲವೆಂದು ನಾನು ಹೇಳಲಾರೆ. ಹಣಕ್ಕಾಗಿ ಕಥೆ ಬರೆದುಕೊಡುವ ದಲ್ಲಾಳಿಗಳು ಎಲ್ಲ ವೀಸಾಗಳ ಸುತ್ತಲೂ ಇದ್ದಾರೆ. ಆದರೆ ಸುಳ್ಳುಗಾರನಿಗೆ ಇದು ಸುಲಭದ ದಾರಿಯಲ್ಲ. ಬೆರಳಚ್ಚು ಕೊಡಬೇಕು, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ತನಿಖಾ ಸಂಸ್ಥೆಗೆ ತಾನಾಗಿ ಹೋಗಿ ಮುಖ ತೋರಿಸಬೇಕು. ಎಲ್ಲ ಷರತ್ತುಗಳನ್ನೂ ರುಜುವಾತುಪಡಿಸುವ ಹೊಣೆ ಅರ್ಜಿದಾರರದ್ದೇ. ತಿರಸ್ಕೃತವಾದರೆ ಗಡೀಪಾರಿನ ಪ್ರಕ್ರಿಯೆ ಶುರುವಾಗಬಹುದು. ತಲೆಮರೆಸಿಕೊಂಡಿದ್ದವನ ವಿಳಾಸ ಆಗ ಸರ್ಕಾರದ ಕೈಯಲ್ಲೇ ಇರುತ್ತದೆ. ಸುಳ್ಳನ್ನು ಜರಡಿ ಹಿಡಿಯುವ ಕೆಲಸ ನುರಿತ ಅಧಿಕಾರಿಗಳದ್ದು, ಅವರ ಸಂಖ್ಯೆ ಹೆಚ್ಚಿಸಿ ಪರಿಶೀಲನೆ ಚುರುಕುಗೊಳಿಸಲಿ. ಕೆಲವರು ಸುಳ್ಳು ಹೇಳಿಯಾರೆಂದು ಬಾಗಿಲನ್ನೇ ಕಿರಿದು ಮಾಡಿದರೆ ಅದರ ಲಾಭ ಹೋಗುವುದು ನೇರ ಜೀತ ಮಾಡಿಸುವವನಿಗೆ.

ಎರಡನೆಯ ಆಕ್ಷೇಪವನ್ನು ಆರೋಪಿಗಳ ಪರ ವಕೀಲರು ನ್ಯಾಯಾಲಯದಲ್ಲಿ ಎತ್ತುತ್ತಾರೆ: ವೀಸಾ ಕೊಟ್ಟು ಸಾಕ್ಷಿಯನ್ನು ಕೊಂಡುಕೊಳ್ಳಲಾಗಿದೆ ಎಂದು. ಭಾರತದಲ್ಲೂ ಈ ಮಾತು ಜೋರಾಗಿ ಕೇಳಿಬಂದಿತ್ತು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಭಾರತೀಯ ದೂತಾವಾಸದ ಉಪ ಕಾನ್ಸುಲ್ ಜನರಲ್ ಒಬ್ಬರನ್ನು, ಮನೆಕೆಲಸದಾಕೆಯ ಸಂಬಳದ ಬಗ್ಗೆ ವೀಸಾ ಅರ್ಜಿಯಲ್ಲಿ ಸುಳ್ಳು ಹೇಳಿದ ಆರೋಪದ ಮೇಲೆ ಬಂಧಿಸಿದಾಗ ನಮ್ಮಲ್ಲಿ ಭುಗಿಲೆದ್ದ ಆಕ್ರೋಶದಲ್ಲಿ ಇದೂ ಒಂದು ಎಳೆ. ಕೆಲಸದಾಕೆಯ ಕುಟುಂಬವನ್ನು ಬಂಧನಕ್ಕೂ ಮುನ್ನ ಅಮೆರಿಕ ತನ್ನಲ್ಲಿಗೆ ಕರೆಸಿಕೊಂಡಿತ್ತು. ಆ ಅಧಿಕಾರಿಯ ಮೇಲಿನ ಆರೋಪ ವಿಚಾರಣೆಗೆ ಬಂದು ಸಾಬೀತಾಗಲಿಲ್ಲ, ಹೀಗಾಗಿ ಯಾರು ಸರಿ ಎಂದು ಇಲ್ಲಿ ತೀರ್ಪು ಕೊಡುವಂತಿಲ್ಲ. ಆದರೆ ಬಲಾಢ್ಯರ ವಿರುದ್ಧ ದೂರು ಕೊಟ್ಟವರ ಹೆಂಡತಿ, ಗಂಡ, ಮಕ್ಕಳು ಊರಿನಲ್ಲಿ ಒತ್ತಡಕ್ಕೆ ಸಿಕ್ಕುವುದು ನಮಗೆ ಗೊತ್ತಿಲ್ಲದ ಸಂಗತಿಯೇ? ಕುಟುಂಬವನ್ನು ಕರೆಸಿಕೊಳ್ಳುವ ಅವಕಾಶವನ್ನು ಕಾನೂನಿನಲ್ಲಿ ಇಟ್ಟಿರುವುದೇ ಅದಕ್ಕೆ. ‘ಕೊಂಡ ಸಾಕ್ಷಿ’ ಎಂಬ ವಾದಕ್ಕೆ ನಿಜವಾದ ಪರಿಹಾರ, ವೀಸಾವನ್ನು ಪೊಲೀಸರ ಮರ್ಜಿಯಿಂದ ಇನ್ನಷ್ಟು ದೂರ ಇಡುವುದು. ಸಾಕ್ಷಿ ಹೇಳಿದರೂ ಹೇಳದಿದ್ದರೂ ರಕ್ಷಣೆ ಸಿಗುವುದಾದರೆ ಆ ಸಾಕ್ಷಿಯನ್ನು ಯಾರು ಯಾವುದಕ್ಕೆ ಕೊಂಡಂತಾಯಿತು?

ಮೂರನೆಯದು ಮೃದು ದನಿಯಲ್ಲಿ ಬರುವ ಆಕ್ಷೇಪ: ಪಾಪ, ಅವರನ್ನು ಸುರಕ್ಷಿತವಾಗಿ ಊರಿಗೆ ಕಳಿಸಿದರೆ ಸಾಲದೇ? ಊರಿಗೆ ಹೋಗಬೇಕೆಂದವರನ್ನು ಗೌರವದಿಂದ ಕಳಿಸಲೇಬೇಕು. ಒಲ್ಲದವರನ್ನು ಕಳಿಸಿದರೆ ಏನಾಗುತ್ತದೆಂಬುದಕ್ಕೆ ಸಿಗ್ನಲ್ ಪ್ರಕರಣವನ್ನೇ ನೋಡಿ. ಸಾಲ ಕೊಟ್ಟವನು ಊರಿನಲ್ಲೇ ಕಾದಿರುತ್ತಾನೆ, ಕಳಿಸಿದ ಏಜೆಂಟ್ ಅದೇ ಪೇಟೆಯಲ್ಲಿ ಇನ್ನಷ್ಟು ಜನರನ್ನು ಹುಡುಕುತ್ತಿರುತ್ತಾನೆ, ಪುರಾವೆ ಮತ್ತು ನ್ಯಾಯಾಲಯ ಸಮುದ್ರದಾಚೆ ಉಳಿಯುತ್ತವೆ. 2008ರ ಮಾರ್ಚ್‌ನಲ್ಲಿ ಸುಮಾರು ನೂರು ಕಾರ್ಮಿಕರು ಪ್ಯಾಸ್ಕಗೂಲಾದ ಯಾರ್ಡಿನ ಗೇಟಿನ ಮುಂದೆ ಹೆಲ್ಮೆಟ್ ಎಸೆದು ಹೊರನಡೆದರು, ವಾಷಿಂಗ್ಟನ್‌ಗೆ ಹೋಗಿ ಉಪವಾಸ ಕೂತರು, ಮೊಕದ್ದಮೆ ಹೂಡಿದರು. ಮುಂದೆ ಅವರಲ್ಲಿ ಅನೇಕರಿಗೆ ಟಿ ವೀಸಾ ದೊರೆಯಿತು. ಅಲ್ಲೇ ಉಳಿದು, ಬೇರೆ ಕೆಲಸ ಮಾಡಿ ಸಾಲ ತೀರಿಸುತ್ತಾ, ಏಳು ವರ್ಷ ಮೊಕದ್ದಮೆ ನಡೆಸಲು ಸಾಧ್ಯವಾಗಿದ್ದರಿಂದಲೇ 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಉಳಿದ ಕಾರ್ಮಿಕರ ಮೊಕದ್ದಮೆಗಳೂ ಸೇರಿ 2 ಕೋಟಿ ಡಾಲರ್‌ನ ರಾಜಿ ಆಯಿತು, ಕಂಪನಿ ಕ್ಷಮೆಯನ್ನೂ ಕೇಳಿತು. 2007ರ ಆ ನಸುಕಿನಲ್ಲಿ ಅವರನ್ನೆಲ್ಲ ವಿಮಾನ ಹತ್ತಿಸಿಬಿಟ್ಟಿದ್ದರೆ ಇದರಲ್ಲಿ ಒಂದೂ ನಡೆಯುತ್ತಿರಲಿಲ್ಲ.

ನಾವು ಅನ್ಯರ ಕಾನೂನು ಅಳೆಯುವಾಗ ನಮ್ಮದನ್ನೂ ನೋಡಿಕೊಳ್ಳಬೇಕು. ನಮ್ಮ ಸಂವಿಧಾನದ 23ನೇ ವಿಧಿ ಮನುಷ್ಯರ ವ್ಯಾಪಾರವನ್ನೂ ಜೀತವನ್ನೂ ನಿಷೇಧಿಸಿದೆ, ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅದಕ್ಕೆ ಕಠಿಣ ಶಿಕ್ಷೆ ವಿಧಿಸುತ್ತದೆ, ಪಲೆರ್ಮೊ ಒಡಂಬಡಿಕೆಯನ್ನು ಭಾರತ 2011ರಲ್ಲಿ ಸ್ಥಿರೀಕರಿಸಿದೆ. ಆದರೆ ಬಾಂಗ್ಲಾದೇಶದಿಂದಲೋ ಬೇರೆಡೆಯಿಂದಲೋ ಬೆಂಗಳೂರಿಗೆ ಮಾರಾಟವಾಗಿ ಬಂದ ಹೆಣ್ಣುಮಗಳಿಗೆ ಟಿ ವೀಸಾದಂಥ ಹಕ್ಕು ಇಲ್ಲಿಲ್ಲ. ಗೃಹ ಸಚಿವಾಲಯ 2012ರ ಮೇ 1ರಂದು ಹೊರಡಿಸಿದ ಸಲಹಾ ಪತ್ರ, ಕಳ್ಳಸಾಗಣೆಗೆ ಬಲಿಯಾದ ವಿದೇಶಿ ಮಹಿಳೆ ಮತ್ತು ಮಕ್ಕಳ ಮೇಲೆ ಆಗ ಜಾರಿಯಲ್ಲಿದ್ದ ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ನಡೆಸಬಾರದು, ಹೂಡಿದ್ದರೆ ಹಿಂಪಡೆಯಲು ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಒಳ್ಳೆಯ ಮಾತೇ, ಆದರೆ ಅದು ಸಲಹೆ, ಕಾನೂನಲ್ಲ. ರಾಷ್ಟ್ರೀಯತೆ ಖಚಿತವಾಗಿ ವಾಪಸ್ ಕಳಿಸುವವರೆಗೆ ಆಕೆ ದಿನ ಕಳೆಯುವುದು ಆಶ್ರಯಧಾಮದ ಗೋಡೆಗಳೊಳಗೆ, ದುಡಿಯುವ ಹಕ್ಕಿಲ್ಲದೆ. ಪರದೇಶದಲ್ಲಿ ನಮ್ಮವರಿಗೆ ಸಿಗಲೆಂದು ನಾವು ಬಯಸುವ ರಕ್ಷಣೆಯನ್ನು ನಮ್ಮ ನೆಲಕ್ಕೆ ಬಂದವರಿಗೂ ಕೊಡುವ ಕಾನೂನು ಸಂಸತ್ತಿನಿಂದ ಬರಬೇಕು.

ಕೊನೆಯದಾಗಿ, ಹೊರಡುವವರಿಗೂ ಅಲ್ಲಿರುವವರಿಗೂ ಕೆಲವು ಮಾತು. ಅಮೆರಿಕಕ್ಕೆ ಕೆಲಸದ ವೀಸಾ, ಸಾಂಸ್ಕೃತಿಕ ವಿನಿಮಯದ ಜೆ ವೀಸಾ, ಅಥವಾ ರಾಜತಾಂತ್ರಿಕರ ಮನೆಗೆಲಸದ ವೀಸಾ ಪಡೆಯುವವರಿಗೆ ಅವರ ಹಕ್ಕುಗಳನ್ನು ವಿವರಿಸುವ ಕಿರುಹೊತ್ತಗೆಯನ್ನು ಅಮೆರಿಕದ ಕಾನ್ಸುಲೇಟ್ ಕೊಡಬೇಕೆಂದು 2008ರ ಕಾನೂನು ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿಯನ್ನು ಮನೆಯಲ್ಲಿಟ್ಟು ಹೋಗಿ. ಟಿ ವೀಸಾ ಅರ್ಜಿಯನ್ನು ವಕೀಲರಿಂದ ಅಥವಾ ಅಮೆರಿಕದ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಯಿಂದ ಮಾತ್ರ ಮಾಡಿಸಿ. ಅಲ್ಲಿನ ವಲಸೆ ನಿಯಮಗಳು ಸರ್ಕಾರ ಬದಲಾದಂತೆ ಬಿಗಿಯಾಗುವುದುಂಟು. ಊರಿನ ಟ್ರಾವೆಲ್ ಏಜೆಂಟನ ಮಾತೋ ಗೆಳೆಯರ ಗುಂಪಿನ ಸಂದೇಶವೋ ಅದಕ್ಕೆ ಸಾಲದು. ಅಮೆರಿಕದ ರಾಷ್ಟ್ರೀಯ ಮಾನವ ಕಳ್ಳಸಾಗಣೆ ಸಹಾಯವಾಣಿ 1-888-373-7888 ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ. ಇಂಗ್ಲಿಷ್ ಬಾರದಿದ್ದರೆ ‘ಕನ್ನಡ’ ಎಂದು ಹೇಳಿ ದುಭಾಷಿಯನ್ನು ಕೇಳಬಹುದು. ಅಮೆರಿಕದ ನಗರ ನಗರಗಳಲ್ಲಿರುವ ಕನ್ನಡ ಕೂಟಗಳಲ್ಲಿ ಒಂದು ವಿನಂತಿ: ಯುಗಾದಿ, ರಾಜ್ಯೋತ್ಸವದ ಕರಪತ್ರದ ಒಂದು ಮೂಲೆಯಲ್ಲಿ ಈ ಸಂಖ್ಯೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹಬ್ಬದೂಟ ಬಡಿಸಲು ಬಂದ ಅಡುಗೆಯವರ ಕೈಗೂ ಮಗುವನ್ನೆತ್ತಿಕೊಂಡು ಬಂದ ಕೆಲಸದಾಕೆಯ ಕೈಗೂ ಅದನ್ನು ಕೊಡಿ.